ಒಂದು ಹೊತ್ತಿನ ಮೇಸ್ತ್ರಿ

ಸಾವ್ಕಾರ್ ವೆಂಕಟರಾಯಪ್ಪನವರ ಹೊಟ್ಟೆಗೆ ಬೆಂಗಳೂರಿನ ಕಾಫಿ ಇಳಿದರೆ ಬಾಯಿಂದ ಸುಳ್ಳು ಹೊರಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಯುದ್ಧದ ಕಾಲ. ಆಕಾಶದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕೆಂದು ಖರೀದಿ ಕಮಿಟಿಯೊಂದು ಊರೂರು ಹುಡುಕುತ್ತಿತ್ತು. ನಂದಗುಡಿಯ ಪಕ್ಕದಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆ ಇಟ್ಟಿದ್ದ ಸಾವ್ಕಾರ್ರು ಬೆಂಗಳೂರಿಗೆ ಹೋಗಿ ಆ ಕಮಿಟಿಯ ಮುಂದೆ ಕೂತರು. ಕಮಿಟಿಯಲ್ಲಿದ್ದ ಹೆಂಗಸು ಒಬ್ಬರೇ, ಕನ್ನಡಕದ ಅಮ್ಮಾವರು. ಅವರು, "ನಿಮ್ಮ ಕಾರ್ಖಾನೆಯಲ್ಲಿ ಹೆಂಗಸರಿಗೆ ಮೇಲಿನ ಜಾಗ ಏನಾದರೂ ಕೊಟ್ಟಿದ್ದೀರಾ?" ಎಂದು ಕೇಳಿದರು.

ಸಾವ್ಕಾರ್ರು ಕಾಫಿ ಹೀರಿ, "ಏನ್ ಹಿಂಗ್ ಕೇಳ್ತೀರಿ ತಾಯಿ! ನಮ್ಮಲ್ಲಿ ಮೇಸ್ತ್ರಿನೇ ಹೆಂಗಸು" ಎಂದುಬಿಟ್ಟರು.

"ಹೌದೇ! ಹಾಗಾದರೆ ಗುರುವಾರ ನಾನೇ ಬಂದು ಸನ್ಮಾನ ಮಾಡ್ತೀನಿ" ಎಂದರು ಅಮ್ಮಾವರು.

ಸಾವ್ಕಾರ್ರಿಗೆ ಕಾಫಿ ಗಂಟಲಲ್ಲೇ ನಿಂತಿತು.

ಕಾರ್ಖಾನೆಯ ಮೇಸ್ತ್ರಿ ಆದಿನಾರಾಯಣಪ್ಪ. ಅವನು ಹೆಂಗಸಲ್ಲ ಎಂಬುದಕ್ಕೆ ಜಗಳಕ್ಕೆ ನಿಂತ ಟಗರಿನ ಕೊಂಬಿನಂಥ ಅವನ ಮೀಸೆಯೇ ಸಾಕ್ಷಿಯಾಗಿತ್ತು. ಕೈಯಲ್ಲಿ ಬೆತ್ತ ಹಿಡಿದು ನೂಲು ಬಿಚ್ಚುವ ಹೆಂಗಸರ ಸಾಲಿನ ಉದ್ದಕ್ಕೂ ಓಡಾಡುವುದು, "ಎಳೆ ಕಡೀತು ನೋಡು!" ಎಂದು ಗದರುವುದು, ಬಿಸಿಲೇರಿದ ಮೇಲೆ ಗೂಡಿನ ಚೀಲಗಳ ಮೇಲೆ ಒರಗುವುದು ಅವನ ಕೆಲಸ. ಅವನು ಒರಗಿದ ಮೇಲೆ ಕಾರ್ಖಾನೆ ಹೇಗೆ ನಡೆಯುತ್ತದೆಂದು ಅವನಿಗೆ ತಿಳಿದಿರಲಿಲ್ಲ. ನೂಲು ಬಿಚ್ಚುವ ಸಾಲಿನ ಅಶ್ವತ್ಥಮ್ಮ ಎಂಬುವಳು ನಡೆಸುತ್ತಿದ್ದಳು.

ಗುರುವಾರ ಬೆಳಗ್ಗೆ ಸಾವ್ಕಾರ್ರು ಅವನನ್ನು ಕರೆಸಿದರು.

"ಆದಿನಾರಾಯಣಪ್ಪಾ, ಇವತ್ತೊಂದು ಹೊತ್ತು ನೀನು ಮೇಸ್ತ್ರಿ ಅಲ್ಲ ಕಣಯ್ಯ."

"ಮತ್ತೆ ನಾನೇನು ಸ್ವಾಮಿ?"

"ಏನೂ ಅಲ್ಲ."

ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಪಿಳ್ಳಪ್ಪ, "ಸುಲಭದ ಕೆಲಸ ಗುರು, ನಿಂಗೆ ಅಭ್ಯಾಸ ಇದ್ದೇ ಇದ್ಯಲ್ಲ" ಎಂದ.

ಮೇಸ್ತ್ರಿಯ ಪಾತ್ರಕ್ಕೆ ಅಶ್ವತ್ಥಮ್ಮನನ್ನು ಆರಿಸಿದರು. ಅವಳು ಸೆರಗು ಸಿಕ್ಕಿಸಿಕೊಂಡು ಬಂದು ವಿಷಯ ಕೇಳಿ, "ಆಗ್ಲಿ ಸಾವ್ಕಾರ್ರೇ. ಆದ್ರೆ ನಾನು ಎದ್ದು ಓಡಾಡಿದ್ರೆ ನನ್ನ ತೊಟ್ಟಿ ಮುಂದಿನ ಜಾಗ ಖಾಲಿ ಬೀಳ್ತದೆ. ಬೆಂಗಳೂರಮ್ಮ ಇಲ್ಲಿ ಯಾರು ಕೂರ್ತಾರೆ ಅಂದ್ರೆ ಏನು ಹೇಳಾದು? ಮೇಸ್ತ್ರಣ್ಣನೇ ಕೂತ್ಕಳ್ಳಲಿ" ಎಂದಳು.

"ನಾನಾ? ಹೆಂಗಸ್ರ ಸಾಲಲ್ಲಾ?" ಆದಿನಾರಾಯಣಪ್ಪನ ಮೀಸೆ ನಡುಗಿತು.

"ಒಂದು ಹೊತ್ತು ಕಣಯ್ಯ," ಎಂದರು ಸಾವ್ಕಾರ್ರು. "ಆಯಮ್ಮನ ಮೋಟಾರು ಅತ್ಲಾಗೆ ತಿರುಗಿದ್ದೇ ನಿನ್ನ ಬೆತ್ತ ನಿನ್ನ ಕೈಗೆ. ಕೂರಾಕಿಲ್ಲ ಅಂದ್ರೆ ಬೆತ್ತಾನೂ ಇಲ್ಲ, ಮೇಸ್ತ್ರಿಕೆನೂ ಇಲ್ಲ."

ಆದಿನಾರಾಯಣಪ್ಪ ಕೂತ. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿದ್ದವು. ಅವುಗಳ ಎಳೆಯ ತುದಿ ಹುಡುಕಿ ತೆಗೆಯಬೇಕು. ಅವನು ಬೆರಳಿಟ್ಟ ಕೂಡಲೇ, "ಅಯ್ಯಯ್ಯೋ!" ಎಂದು ಕೂಗಿ ಕೈಯನ್ನು ಬಾಯಿಗಿಟ್ಟುಕೊಂಡ. ಸತ್ತ ಹುಳುವಿನ ರುಚಿ ಹತ್ತಿ ಉಗುಳಿದ. ಒಂದು ಎಳೆ ಹಿಡಿದರೆ ಎರಡು ಕಡಿಯುತ್ತಿದ್ದವು. ಗೂಡುಗಳು ಅಳಿಯನನ್ನು ಕಂಡ ಸಾಲಗಾರ ಮಾವನಂತೆ ಕೈಗೆ ಸಿಕ್ಕದೆ ಜಾರುತ್ತಿದ್ದವು. ಹಬೆಗೆ ಮೀಸೆಯ ಕೊಂಬುಗಳೆರಡೂ ಇಳಿಬಿದ್ದವು.

"ಎಳೆ ಕಡೀತು ನೋಡಣ್ಣಾ!" ಎಂದು ಬೆನ್ನ ಹಿಂದಿನಿಂದ ಅಶ್ವತ್ಥಮ್ಮ ಗದರಿದಳು. ಸಾಲಿನ ಹೆಂಗಸರೆಲ್ಲ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಅಶ್ವತ್ಥಮ್ಮ ಬೆತ್ತವನ್ನು ಮೂಲೆಗೆಸೆದಳು. ಯಾವ ಕಾಲದಿಂದಲೋ ಮುಚ್ಚಿದ್ದ ಕಿಟಕಿಗಳನ್ನು ತೆಗೆಸಿದಳು. ಕಣ್ಣು ಮಂಜಾಗಿದ್ದ ಮುದುಕಿ ಸಪ್ಪಲಮ್ಮನನ್ನು ಬೆಳಕಿಗೆ ಕೂರಿಸಿದಳು. ಒಳಗೆ ಗಾಳಿಯಾಡಿತು, ರಾಟೆಗಳು ಬೇರೆ ದಿನಕ್ಕಿಂತ ಚುರುಕಾಗಿ ತಿರುಗಿದವು. ಸಾವ್ಕಾರ್ರು ಬಾಗಿಲಲ್ಲಿ ನಿಂತು ನೂಲಿನ ರಾಶಿ ನೋಡಿ ಗಲ್ಲ ಕೆರೆದುಕೊಂಡರು. ಆ ಕೆರೆತ ಆದಿನಾರಾಯಣಪ್ಪನಿಗೆ ಯಾಕೋ ಹಿಡಿಸಲಿಲ್ಲ.

ಅಷ್ಟರಲ್ಲಿ ಅಂಗಳದಲ್ಲಿ ಚಪ್ಪರ ಎದ್ದಿತ್ತು. 'ಉದ್ಯಮದಲ್ಲಿ ಸ್ತ್ರೀ ಮುಂದಾಳತ್ವ' ಎಂದು ಬಟ್ಟೆಯ ಮೇಲೆ ಬರೆಸಿ ಕಟ್ಟಿದ್ದರು. ಅದರ ಕೆಳಗಿನ ಕುರ್ಚಿಗಳಲ್ಲಿ ಪಟೇಲರು, ಶಾನುಭೋಗರು, ಸಾವ್ಕಾರ್ರು, ಸಾವ್ಕಾರ್ರ ತಮ್ಮ ಮತ್ತು ಗುಮಾಸ್ತ ಪಿಳ್ಳಪ್ಪ ಒತ್ತೊತ್ತಾಗಿ ತುಂಬಿಕೊಂಡಿದ್ದರು. ಹೆಂಗಸರಿಗೆ ಬಿಸಿಲಲ್ಲಿ ಚಾಪೆ ಹಾಸಿತ್ತು.

ಪೆಟ್ರೋಲಿನ ಬರದಲ್ಲಿ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಅಮ್ಮಾವರ ಮೋಟಾರು ಗೂರಲು ಹಿಡಿದ ಎಮ್ಮೆಯಂತೆ ಕೆಮ್ಮುತ್ತ ಬಂದು ನಿಂತಿತು. ಅಮ್ಮಾವರು ಇಳಿದು ಕುರ್ಚಿಗೆ ಬರುವ ಮೊದಲೇ ಪಿಳ್ಳಪ್ಪನ ಭಾಷಣ ಶುರುವಾಯಿತು. "ಸ್ತ್ರೀ ಎಂದರೆ ಭೂಮಿ! ಸ್ತ್ರೀ ಎಂದರೆ ನದಿ!"

ಕುರ್ಚಿ ಸಿಕ್ಕದೆ ನಿಂತಿದ್ದ ಅಶ್ವತ್ಥಮ್ಮ, "ಅದೆಲ್ಲಾ ಸರಿ ಪಿಳ್ಳಪ್ನೋರೇ, ಒಸಿ ಜರುಗಿ. ನದಿಗೆ ಕೂರಾಕೆ ಜಾಗ ಬೇಕು" ಎಂದಳು.

ಅಮ್ಮಾವರು ನಕ್ಕರು. ಆದ್ದರಿಂದ ಎಲ್ಲರೂ ನಕ್ಕರು. ಪಿಳ್ಳಪ್ಪ ತನ್ನ ಕುರ್ಚಿ ಬಿಟ್ಟುಕೊಡಬೇಕಾಯಿತು.

"ಮೊದಲು ಕೆಲಸ ನೋಡೋಣ, ಮಾತು ಆಮೇಲೆ" ಎಂದು ಅಮ್ಮಾವರು ಒಳಗೆ ನಡೆದರು. ಸಾಲಿನುದ್ದಕ್ಕೂ ನೋಡುತ್ತ ಬಂದು, ಇಳಿಬಿದ್ದ ಮೀಸೆಯ ಮುಂದೆ ನಿಂತುಬಿಟ್ಟರು.

"ಇವರು?"

ಸಾವ್ಕಾರ್ರು ತಡವರಿಸಿದರು. ಅಶ್ವತ್ಥಮ್ಮನೇ, "ನಮ್ಮಾಳು ಕಣಮ್ಮಾ. ಈಗಿನ್ನೂ ಕಲೀತಾವ್ನೆ. ಗದರಿದ್ರೂ ತಿರುಗಿ ಮಾತಾಡಾಕಿಲ್ಲ" ಎಂದಳು.

ಅಮ್ಮಾವರು ಬಗ್ಗಿ ಕೇಳಿದರು. "ಹೆಂಗಸಿನ ಕೈಕೆಳಗೆ ಕೆಲಸ ಮಾಡೋಕೆ ನಿಮಗೆ ನಾಚಿಕೆ ಆಗಲ್ವೇನಪ್ಪಾ?"

ಆದಿನಾರಾಯಣಪ್ಪ ತಲೆಯೆತ್ತಿದ. ಅಮ್ಮಾವರ ಹಿಂದೆ ಸಾವ್ಕಾರ್ರು ಕಣ್ಣು ಕೆಂಪಗೆ ಮಾಡಿ ನಿಂತಿದ್ದರು. ಈಯಮ್ಮ ಬೇಗ ತೊಲಗಿದರೆ ಸಾಕೆಂದುಕೊಂಡು, ಬೆಂದ ಕೈಗಳನ್ನು ಜೋಡಿಸಿ, "ಏನ್ ನಾಚಿಕೆ ತಾಯಿ! ಗಂಡು ಹೆಚ್ಚಾ, ಹೆಣ್ಣು ಕಮ್ಮೀನಾ? ಅಕ್ಕ ಹೇಳ್ತಾಳೆ, ನಾನು ಮಾಡ್ತೀನಿ" ಎಂದ.

ಅಮ್ಮಾವರ ಕನ್ನಡಕ ಮಂಜಾಯಿತು. ಹಬೆಯಿಂದಲೋ, ಕಣ್ಣೀರಿನಿಂದಲೋ.

ಸಭೆ ಸೇರಿತು. ಜರಿಯಂಚಿನ ಶಾಲು ತಟ್ಟೆಯಲ್ಲಿ ಬಂತು. ಅಶ್ವತ್ಥಮ್ಮನ ಕಡೆ ಎಲ್ಲರ ಕಣ್ಣು ತಿರುಗಿತು. ಅಮ್ಮಾವರು ಎದ್ದು ನಿಂತರು.

"ಸಮರ್ಥರಾದ ಹೆಂಗಸರನ್ನು ನಾನು ಹೋದ ಹೋದ ಕಡೆಯೆಲ್ಲ ನೋಡಿದ್ದೀನಿ. ಅದೇನು ಅಪರೂಪವಲ್ಲ. ಆದರೆ ಹೆಂಗಸಿನ ಮಾತು ಕೇಳಿಕೊಂಡು, ಬಿಸಿನೀರಲ್ಲಿ ಕೈ ಬೇಯಿಸಿಕೊಂಡು, ನಗುನಗುತ್ತ ದುಡಿಯೋ ಗಂಡಸನ್ನು ಇವತ್ತೇ ಕಂಡದ್ದು. ಸ್ತ್ರೀ ಸಮಾನತೆಯ ಈ ಶಾಲು ಆ ಮಹಾನುಭಾವರಿಗೇ ಸಲ್ಲಬೇಕು!"

ಹೆಂಗಸರ ಸನ್ಮಾನದ ಶಾಲು ಮೀಸೆಯ ಮೇಲಿಂದ ಇಳಿದು ಆದಿನಾರಾಯಣಪ್ಪನ ಹೆಗಲಿಗೆ ಬಿತ್ತು. ಕುರ್ಚಿಯ ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಚಾಪೆಯ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಸಾವ್ಕಾರ್ರೇ," ಎಂದು ಅಮ್ಮಾವರು ಮುಂದುವರಿಸಿದರು. "ನಿಮ್ಮ ರೇಷ್ಮೆಯನ್ನೆಲ್ಲ ಕಮಿಟಿ ಕೊಳ್ಳುತ್ತೆ. ಒಂದೇ ಷರತ್ತು. ಈ ಏರ್ಪಾಡು ಹೀಗೇ ಇರಬೇಕು. ಬೇರೆ ಕಾರ್ಖಾನೆಯವರನ್ನೆಲ್ಲ ಕರ್ಕೊಂಡು ಬರ್ತಾನೇ ಇರ್ತೀನಿ, ಇವರನ್ನ ತೋರಿಸೋಕೆ."

"ಹಂಗಾರೆ ಮೇಸ್ತ್ರಿ ಸಂಬಳಾನೂ ನಂಗೇ ಅಲ್ವೇನಮ್ಮಾ?" ಎಂದು ಅಶ್ವತ್ಥಮ್ಮ ಎದ್ದು ಕೇಳಿದಳು.

"ಅದನ್ನೂ ಕೇಳಬೇಕಾ?" ಎಂದರು ಅಮ್ಮಾವರು. ಸಾವ್ಕಾರ್ರು ಹೂಂ ಎಂದು ತಲೆಯಾಡಿಸಿದರು. ಶಾಲಿನೊಳಗೆ ಆದಿನಾರಾಯಣಪ್ಪ ಬೆವರಿದ.

ಸಂಜೆ ಅವನು ಬೀದಿಯ ಯಾರ ಮುಖವನ್ನೂ ನೋಡದೆ ಮನೆ ಸೇರಿ, ಶಾಲನ್ನು ಗೂಟಕ್ಕೆ ಎಸೆದು, "ಲೇ, ಉಣ್ಣಕ್ಕಿಕ್ಕು" ಎಂದ.

ಒಳಗಿನಿಂದ ಹೆಂಡತಿ ಅಕ್ಕಯಮ್ಮ ಬಂದಳು. ತಲೆ ಬಾಚಿ ಹೂ ಮುಡಿದಿದ್ದಳು. ಅವನ ಕೈಗೆ ಮುದ್ದೆ ಕೋಲು ಕೊಟ್ಟಳು.

"ಎಸರು ಕುದೀತೈತೆ. ಹೋಗಿ ತಿರುವಿ."

"ಏನೇ ಅಂದೆ?"

"ನಾನೂ ಬೇಲಿ ಹತ್ರ ನಿಂತು ಎಲ್ಲಾ ನೋಡ್ದೆ. ಬೇಗ ಆಗ್ಲಿ, ಹೊರಗೆ ಜನ ಕಾಯ್ತಾವ್ರೆ."

ಆದಿನಾರಾಯಣಪ್ಪ ಕೋಲು ಹಿಡಿದುಕೊಂಡೇ ಬಾಗಿಲಾಚೆ ಇಣುಕಿದ. ಜಗಲಿಯ ತುಂಬ ಊರ ಹೆಂಗಸರು ನೆರೆದಿದ್ದರು. ಒಬ್ಬೊಬ್ಬಳೂ, ಚೆನ್ನಾಗಿ ನೋಡಿ ಕಲಿಯಲೆಂದು, ತನ್ನ ಗಂಡನನ್ನು ಮುಂದಕ್ಕೆ ತಳ್ಳಿ ನಿಲ್ಲಿಸಿಕೊಂಡಿದ್ದಳು. ಆ ಗಂಡಂದಿರೆಲ್ಲ ಆದಿನಾರಾಯಣಪ್ಪನನ್ನೇ ದುರುಗುಟ್ಟಿ ನೋಡುತ್ತಿದ್ದರು.