ಬೈಟು ಕಾಫಿಗೆ ಪೂರ್ತಿ ಲೆಕ್ಕ ಹಾಕಿದ ಶುಗರ್ ಮೆಷಿನ್ನಿಗೆ

ಮಾನ್ಯ ಶುಗರ್ ಮೆಷಿನ್ ಸಾಹೇಬರೇ,

ಹೊಸಪೇಟೆಯ ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ದಿನಕ್ಕೊಂದು ಬೆರಳು ಒಪ್ಪಿಸುತ್ತ ಬಂದಿರುವ ಅಕ್ಕಿ ವ್ಯಾಪಾರಿ ಕೊಟ್ರಯ್ಯನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಹೋದ ವಾರವಷ್ಟೇ ಹೊಸ ಸೆಲ್ ಹಾಕಿಸಿದ್ದೇನೆ.

ತಮ್ಮ ಸತ್ಯಸಂಧತೆ ದೊಡ್ಡದು, ಲೋಕಜ್ಞಾನ ಮಾತ್ರ ಸ್ವಲ್ಪ ಕಡಿಮೆ ಎಂದು ವಿನಯದಿಂದ ತಿಳಿಸಬೇಕಾಗಿದೆ. ನನ್ನಾಕೆ ಸುಮಂಗಲಾ ಆರು ತಿಂಗಳಿಂದ ನನಗೆ ಸಕ್ಕರೆಯಿಲ್ಲದ ಕಾಫಿ ಕೊಡುತ್ತಿದ್ದಾಳೆ. ಹೊರಗೆ ನಾನು ಕುಡಿಯುವುದು ಬರೀ ಬೈಟು. ಬಸ್ ಸ್ಟ್ಯಾಂಡಿನಲ್ಲಿ ಪಕೀರಪ್ಪನೊಂದಿಗೆ ಒಂದು, ಬುಕ್ಕಸಾಗರದಲ್ಲಿ ಭತ್ತ ನೋಡಲು ಹೋದಾಗ ಹಂಪಯ್ಯನೊಂದಿಗೆ ಒಂದು, ಕಂಪ್ಲಿಯ ಮಿಲ್ಲಿನಲ್ಲಿ ಎರ್ರಿಯಪ್ಪನೊಂದಿಗೆ ಎರಡು, ಏಕೆಂದರೆ ಆತ "ಅರ್ಧಕ್ಕ ಏನಾಗತೈತ್ರಿ, ಕುಂದ್ರಿ" ಎಂದು ಕೈಹಿಡಿದು ಕೂರಿಸುತ್ತಾನೆ, ಅಷ್ಟು ಪ್ರೀತಿಯನ್ನು ತಳ್ಳಿಹಾಕಲು ನಾನೇನು ಮೆಷಿನ್ನೇ? ಅರ್ಧ ಕುಡಿದದ್ದನ್ನು ನಮ್ಮ ಕಡೆ ಯಾರೂ ಕುಡಿದದ್ದೆಂದು ಹಿಡಿಯುವುದಿಲ್ಲ. ತಾವು ಮಾತ್ರ ನಾಲ್ಕೂ ಅರ್ಧಗಳನ್ನು ಹೆಕ್ಕಿ ಹೆಕ್ಕಿ ಕೂಡಿಸಿ, ಸಕ್ಕರೆಯ ಜೊತೆ ಹಾಲನ್ನೂ ಬಿಡದೆ, ೨೬೮ ಎಂದು ಮುಖಕ್ಕೆ ಹೊಡೆದಂತೆ ತೋರಿಸಿದಿರಿ. ಭಲೇ!

ಅದನ್ನು ಕಂಡ ಸುಮಂಗಲಾ, "ಭಾಳ ಆತು. ಸೋಮವಾರ ಇನ್ನೂರು ದಾಟಿದ್ರ ಕಾಫಿ ಫಿಲ್ಟರ್ ಅಟ್ಟಕ್ಕ" ಎಂದು ಆಣೆ ಹಾಕಿದ್ದಾಳೆ. ಬೆಳಗಿನ ಆ ಒಂದು ಲೋಟ ಹೋದರೆ ನನ್ನ ಗತಿ ಮುಗಿಯಿತು, ಸಾಹೇಬರೇ. ಮೂವತ್ತೊಂದು ವರ್ಷದಿಂದ ನಾವಿಬ್ಬರೂ ಎದುರುಬದುರು ಕೂತು ಮಾತಾಡುವುದು ಆ ಹೊತ್ತಿನಲ್ಲಿ ಮಾತ್ರ.

ಆದಕಾರಣ, ಕುಡಿದದ್ದು ಬೈಟು ಆದಮೇಲೆ ಸಂಖ್ಯೆಯೂ ಬೈಟು ಆಗಬೇಕು: ೧೩೪ ನನಗಿರಲಿ, ಉಳಿದ ೧೩೪ನ್ನು ಆ ಮೂವರ ಬೆರಳುಗಳಿಗೆ ಹಂಚಿ ಕಳಿಸಿ. ಹಂಪಯ್ಯ ಗಟ್ಟಿಮುಟ್ಟಾದ ಆಳು, ತಡೆದುಕೊಳ್ಳುತ್ತಾನೆ. ಅದಾಗದಿದ್ದರೆ ಸೋಮವಾರ ರಜೆ ಹಾಕಿ ಸಂಡೂರಿನ ಬೆಟ್ಟ ನೋಡಿ ಬನ್ನಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿಡುವ ಜವಾಬ್ದಾರಿ ನನ್ನದು.

ಹತ್ತೂ ಬೆರಳು ತೂತಾದ,
ತಮ್ಮ ವಿಶ್ವಾಸಿ
ಕೊಟ್ರಯ್ಯ

ತಾ.ಕ.: ತಮ್ಮ ತಪ್ಪು ಸಾಬೀತು ಮಾಡಲೆಂದೇ ಇಂದು ಬೆಳಿಗ್ಗೆ ಸುಮಂಗಲಾಳ ಬೆರಳು ಚುಚ್ಚಿಸಿದೆ. ತಾವು ೩೧೨ ಎಂದಿರಿ. ನನ್ನ ಲೋಟದಿಂದ ಕಡಿತವಾದ ಸಕ್ಕರೆಯನ್ನು ಆರು ತಿಂಗಳಿಂದ ತನ್ನ ಲೋಟಕ್ಕೇ ಹಾಕಿಕೊಳ್ಳುತ್ತಿದ್ದಳಂತೆ. ಕೇಳಿದರೆ "ನಿಮ್ಮ ಪಾಲಿಂದು ದಂಡ ಆಗಬಾರ್ದಲ್ರೀ" ಎಂದಳು. ಫಿಲ್ಟರನ್ನು ನಾನೇ ಅಟ್ಟಕ್ಕೇರಿಸಿದ್ದೇನೆ. ಮೇಲಿನ ಅರ್ಜಿಯನ್ನು ಹರಿದುಹಾಕಿ. ಅಷ್ಟು ಬಲ್ಲವರಾದ ತಮಗೆ ಬೈಟು ಮಾಡಲು ನಿಜವಾಗಿಯೂ ಬರುವುದಾದರೆ, ಆಕೆಯ ೩೧೨ರಲ್ಲಿ ಅರ್ಧವನ್ನು ನನ್ನ ಬೆರಳಿಗೆ ಹಾಕಿ.