ಕೆನ್ಸಾಕು ಕೂತ ಡಬ್ಬಿ

ಕೆನ್ಸಾಕುವಿನ ಆ ದಿನದ ಗ್ರಹಚಾರವೆಲ್ಲ ಶುರುವಾದದ್ದು ಅವನು ಕೂತದ್ದರಿಂದ.

ಜಪಾನಿನ ತಕಯಾಮ ಊರಿನ ಅಂಚೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕೂತೇ ಕೆಲಸ ಮಾಡಿದವನು. ಕೂರುವ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಆದರೆ ರಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಶೂ ಹಾಕಿಕೊಳ್ಳಲೆಂದು ಬಾಗಿಲ ಒಳಗಿನ ಮೆಟ್ಟಿಲ ಮೇಲೆ ಹಿಂದೆ ನೋಡದೆ ಧೊಪ್ಪನೆ ಕೂತಾಗ ಕೆಳಗಿನಿಂದ 'ಚಟ್' ಅಂತು. ಮೊದಲು ಸೊಂಟ ಅಂದುಕೊಂಡ. ಸೊಂಟವೇ ಆಗಿದ್ದರೆ ಎಷ್ಟೋ ವಾಸಿಯಿತ್ತು, ಅದಕ್ಕೆ ಆಸ್ಪತ್ರೆ ಇದೆ.

ಅವನು ಕೂತದ್ದು ಒಂದು ಮರದ ಡಬ್ಬಿಯ ಮೇಲೆ. ಆ ಬೀದಿಯಲ್ಲಿ ಯಾರೂ ಕರೆಗಂಟೆ ಒತ್ತುವುದಿಲ್ಲ. ಬಾಗಿಲು ಸರಿಸಿ, ಮೂಲಂಗಿಯೋ ಉಪ್ಪಿನಕಾಯಿಯೋ ಒಳಗಿಟ್ಟು ಹೋಗಿಬಿಡುತ್ತಾರೆ. ಇದರೊಳಗೆ ಇನ್ನೂ ಹಬೆಯಾಡುತ್ತಿದ್ದ ಕೆಂಪು ಕಾಳಿನ ಅನ್ನ, ಶುಭ ಸುದ್ದಿಗೆ ಮಾಡುವಂಥದ್ದು. ಜೇನಿನ ಬಣ್ಣದ ಮೆರುಗಿನ ಕೆಳಗೆ ಮರದ ಗೆರೆಗಳು ಈಜುತ್ತಿದ್ದ ಆ ಚಂದದ ಮುಚ್ಚಳ ಈಗ ಎರಡು ಹೋಳು. ಡಬ್ಬಿಯ ಒಂದು ಮೂಲೆಯೂ ಬಾಯಿ ಬಿಟ್ಟಿತ್ತು. ಪಕ್ಕದಲ್ಲೊಂದು ಚೀಟಿ:

"ಮೊಮ್ಮಗಳು ನರ್ಸ್ ಪರೀಕ್ಷೆ ಪಾಸಾದಳು. ಬಿಸಿ ಇರುವಾಗಲೇ ತಿನ್ನು. ಡಬ್ಬಿ ಜೋಪಾನ! ಅದರ ವಿಷಯ ಮಾತಾಡುವುದಿದೆ, ನಾಲ್ಕು ಗಂಟೆಗೆ ಬರುತ್ತೇನೆ. ತೊಮಿಯೆ."

ಸಿನಿಮಾದಲ್ಲಾಗಿದ್ದರೆ ಈ ಹೆಸರಿಗೆ ಹಿಂದಿನಿಂದ ತಮಟೆ ಬಡಿಯುತ್ತಿತ್ತು. ಇಲ್ಲಿ ಬರೀ ಫ್ರಿಜ್ ಗುಂಯ್ ಅಂದಿತು.

ಎದುರು ಮನೆಯ ತೊಮಿಯೆ ಅಜ್ಜಿ ಬೀದಿಯ ಸಂಘದ ಅಧ್ಯಕ್ಷೆ. ಕಸದ ಚೀಲದಲ್ಲಿ ಪ್ಲಾಸ್ಟಿಕ್ ಬೆರೆಸಿದವನ ಮನೆಬಾಗಿಲಿಗೆ ಅದೇ ಚೀಲವನ್ನು ಕೆಂಪು ದಾರ ಕಟ್ಟಿ, ಹೆಸರು ಬರೆದು ವಾಪಸ್ ಇಟ್ಟುಬಂದವರು. ಆದರೆ ಮೂರು ವರ್ಷದ ಹಿಂದೆ ಕೆನ್ಸಾಕುವಿನ ಅಮ್ಮ ತೀರಿಕೊಂಡಾಗ, ಬಂದ ನೂರು ಜನಕ್ಕೆ ಚಹಾ ಕಾಸಿ, ಅವನ ಕೊರಳಿಗೆ ಕಪ್ಪು ಟೈ ಕಟ್ಟಿದವರೂ ಅವರೇ. ಬೈಸಿಕೊಳ್ಳುವುದು ಅವನಿಗೆ ಹೊಸದಲ್ಲ. ಆದರೆ ಅಂಥವರ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

ಅನ್ನವನ್ನು ಬಾಣಲೆಗೆ ಸುರಿದು, ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಳೆಯ ಬೀದಿಯತ್ತ ಓಡಿದ. ಲೋಕದ ಜನ ವಿಮಾನ ಹತ್ತಿ ನೋಡಲು ಬರುವ ಆ ಬೀದಿಯನ್ನು ಅವನು ಈವರೆಗೆ ಕಚೇರಿಗೆ ಅಡ್ಡದಾರಿಯಾಗಿ ಮಾತ್ರ ಬಳಸಿದ್ದ.

ಮೆರುಗು ಬಳಿಯುವ ಸಕುಜೊ ಅಜ್ಜನ ಕಾರ್ಖಾನೆ ಕತ್ತಲು ಗುಹೆ. ಅಜ್ಜ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ತಳದಲ್ಲಿ ಬೆರಳಿನುಗುರಿನಷ್ಟು ಪುಟ್ಟ ಗುಬ್ಬಚ್ಚಿಯ ಚಿತ್ರವಿತ್ತು. ಅದರ ಮೇಲೆ ಮೆಲ್ಲಗೆ ಹೆಬ್ಬೆರಳು ಸವರಿದರು.

"ಯಾರದು ಇದು?"

"ಎದುರು ಮನೆ ತೊಮಿಯೆ ಅಜ್ಜಿದು."

"ತೊಮಿಯೆದಾ?" ಅಜ್ಜ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ಓಹೋ. ಹಂಗಂತೀಯಾ. ಸರಿಯಪ್ಪ, ನೀನೇ ಹೇಳಿದ ಮೇಲೆ ಸರಿ ಇರುತ್ತೆ."

ಆ ಊರಿನ ಹಿರಿಯರಿಗೆ, ಎದುರಿಗಿರುವವನ ಮಾತು ತಪ್ಪು ಅನ್ನುವುದಕ್ಕಿಂತ ಒಂದು ಹಲ್ಲು ಕೀಳಿಸಿಕೊಳ್ಳುವುದು ಸುಲಭ.

"ನಾಲ್ಕು ಗಂಟೆಗೆ ರಿಪೇರಿ ಆಗುತ್ತಾ ಅಜ್ಜ?"

"ಯಾವ ವರ್ಷದ ನಾಲ್ಕು ಗಂಟೆ?"

"ಇವತ್ತೇ!"

"ಇದೇನು ಬಿಸಿಲಲ್ಲಿ ಒಣಗೋ ಅಂಗೀನಾ? ಈ ಮೆರುಗು ಒದ್ದೆ ಪೆಟ್ಟಿಗೇಲಿಟ್ರೇನೇ ಗಟ್ಟಿ ಆಗೋದು. ಒಂದು ಪದರ ಬಳಿ, ಕಾಯಿ. ಇನ್ನೊಂದು ಬಳಿ, ಕಾಯಿ. ಮುಂದಿನ ವಸಂತಕ್ಕೆ, ಚೆರ್ರಿ ಹೂವು ಬಿಟ್ಟಾಗ ಬಾ."

"ಅಷ್ಟರಲ್ಲಿ ನನ್ನ ಮೇಲೇ ಹೂವು ಹಾಕಿರ್ತಾರೆ ಅಜ್ಜ!"

"ಹಾಕ್ಲಿ. ಇದನ್ನ ಮಾತ್ರ ಯಾರ ಕೈಗೂ ಕೊಡಬೇಡ. ಮನೇಲಿಟ್ಕೊಂಡಿರು, ನಿಧಾನಕ್ಕೆ ತಾ. ಕೇಳಿಸ್ತಾ?"

ಕೇಳಿಸಲಿಲ್ಲ. ಕೆನ್ಸಾಕು ಆಗಲೇ ಬೀದಿಯಲ್ಲಿದ್ದ. ಅಲ್ಲಿ ಮೂವತ್ತು ಹೆಜ್ಜೆ ದೂರದಲ್ಲಿ, ಕೈಚೀಲ ಬೀಸುತ್ತ ಇವನ ಕಡೆಗೇ ಬರುತ್ತಿದ್ದರು ತೊಮಿಯೆ ಅಜ್ಜಿ! ಪಕ್ಕದಲ್ಲಿ ತೆರೆದಿದ್ದ ಬಾಗಿಲೊಳಗೆ ಅವನು ಇಲಿಯಂತೆ ನುಗ್ಗಿದ.

ಅದು ಇನ್ನೂರು ವರ್ಷದ ವ್ಯಾಪಾರಿ ಮನೆ, ಈಗ ವಸ್ತು ಸಂಗ್ರಹಾಲಯ. ಅಲ್ಲಿ ಊರು ತೋರಿಸುವ ಸೇವೆಗೆ ನಿಂತಿದ್ದವರು ಅವನ ಐದನೇ ಕ್ಲಾಸಿನ ಹಿಗಾಶಿ ಮೇಷ್ಟ್ರು.

"ಕೆನ್ಸಾಕು! ಬಂದ್ಯಾ! ಶಾಲೆ ಪ್ರವಾಸದ ದಿನ ಹೊಟ್ಟೆನೋವು ಅಂತ ಕೈಕೊಟ್ಟಿದ್ದೆ. ಮೂವತ್ಮೂರು ವರ್ಷ ಕಾದಿದೀನಿ ಕಣೋ!"

"ಮೇಷ್ಟ್ರೇ, ನನಗೆ ಸ್ವಲ್ಪ ಅವಸರ..."

"ಈ ತೊಲೆ ನೋಡು. ಒಂದೇ ಒಂದು ಮೊಳೆ ಇಲ್ಲ!"

ಕೆನ್ಸಾಕು ತೊಲೆ ನೋಡುತ್ತ ನಡೆದು ಹಣೆಯನ್ನು ಬಾಗಿಲ ಮೇಲ್ಪಟ್ಟಿಗೆ ಕೊಟ್ಟ.

"ಒಳಕೋಣೆ ಬಾಗಿಲು ಯಾಕೆ ಗಿಡ್ಡ ಮಾಡಿದಾರೆ ಹೇಳು?"

"ಗೊತ್ತಾಯ್ತು ಮೇಷ್ಟ್ರೇ."

ಒಂದೂವರೆ ಗಂಟೆ ಕಾಲ ಅವನು ಒಲೆ, ಉಗ್ರಾಣ, ಸಾಲದೆಂಬಂತೆ ಹಳೆಯ ಬಚ್ಚಲನ್ನೂ ನೋಡಿದ. ಕೊನೆಗೆ ಮೇಷ್ಟ್ರು ಮೆಲ್ಲಗೆ ಅಂದರು: "ನಿಮ್ಮಮ್ಮ ಪ್ರತಿ ವರ್ಷ ಬರ್ತಿದ್ರು. ಮುಂದಿನ ಸಲ ಕೆನ್‌ನ ಎಳ್ಕೊಂಡು ಬರ್ತೀನಿ ಅಂತಿದ್ರು."

ಕೆನ್ಸಾಕು ಕೈಯಲ್ಲಿದ್ದ ಬಟ್ಟೆಯ ಗಂಟನ್ನು ಸುಮ್ಮನೆ ಇನ್ನೊಮ್ಮೆ ಬಿಗಿದ. ಮುಂದಿನ ಭಾನುವಾರ ಅಮ್ಮ, ಮುಂದಿನ ಭಾನುವಾರ ಅನ್ನುತ್ತಲೇ ಭಾನುವಾರಗಳು ಮುಗಿದಿದ್ದವು. ಆಸ್ಪತ್ರೆಯ ಕೊನೆಯ ವಾರದಲ್ಲೂ ಹಾಗೆಯೇ. "ಕೆನ್, ಡಬ್ಬಿ ಬಂತಾ?" ಎಂದು ಅಮ್ಮ ದಿನಾ ಕೇಳುತ್ತಿದ್ದರು. ಊಟದ ಡಬ್ಬಿ ಇರಬೇಕೆಂದು ಇವನು ಮೊಬೈಲಿನಿಂದ ಕಣ್ಣೆತ್ತದೆ, "ಬಂತು, ಬಂತು" ಅನ್ನುತ್ತಿದ್ದ.

"ಆ ಗಂಟಲ್ಲಿ ಏನೋ ಅದು?" ಮೇಷ್ಟ್ರು ಬಿಚ್ಚಿಯೇಬಿಟ್ಟರು. "ಅಯ್ಯೋ ಪಾಪಿ! ಇಂಥದ್ದೇ ಒಂದನ್ನ ಮೊನ್ನೆ ಒನೊಗಿ ಅಂಗಡೀಲಿ ನೋಡಿದ್ದೆ. ಓಡು!"

ಒನೊಗಿಯದು ಹಳೇ ಸಾಮಾನಿನ ಅಂಗಡಿ. ಅಲ್ಲಿ ಸಿಕ್ಕಿತು! ಅದೇ ಅಳತೆ, ಅದೇ ಜೇನಿನ ಬಣ್ಣ. ತಳದಲ್ಲಿ ಗುಬ್ಬಚ್ಚಿ ಇರಲಿಲ್ಲ, ಅಷ್ಟೇ. ಎಂಬತ್ತರ ಹತ್ತಿರದ ಅಜ್ಜಿಗೆ ಗುಬ್ಬಚ್ಚಿ ಎಲ್ಲಿ ಕಾಣುತ್ತೆ ಅಂದುಕೊಂಡ.

"ಒಡೆದಿದ್ದನ್ನ ಇಲ್ಲೇ ಬಿಟ್ಟುಹೋಗು," ಒನೊಗಿ ದನಿ ತಗ್ಗಿಸಿದ. "ಹೆಣ ಹೊತ್ಕೊಂಡು ಊರೆಲ್ಲ ತಿರುಗ್ತಾರೇನಯ್ಯಾ?"

ಹೆಣ ಕಪಾಟು ಸೇರುವ ಮೊದಲೇ, ಹಳದಿ ಮಳೆಕೋಟಿನ ಉದ್ದನೆಯ ವಿದೇಶಿಯೊಬ್ಬ ಒಳಗೆ ಬಂದ. ಹೊಳೆಯುವ ಡಬ್ಬಿಗಳನ್ನೆಲ್ಲ ದಾಟಿ ಸೀದಾ ಒಡೆದದ್ದನ್ನೇ ಎತ್ತಿಕೊಂಡ. ಬಿರುಕಿನ ಮೇಲೆ ಬೆರಳಾಡಿಸಿದ. ಕಣ್ಣಲ್ಲಿ ನೀರು ತಂದುಕೊಂಡ. ಒನೊಗಿ ಕೇಳಿದಷ್ಟು ದುಡ್ಡು ಕೊಟ್ಟು, ಎದೆಗೊತ್ತಿಕೊಂಡು ಹೊರಟೇಹೋದ.

"ಇವರಿಗೆ ನೆಟ್ಟಗಿರೋದು ಬೇಡ ಕಣಯ್ಯ," ಎಂದ ಒನೊಗಿ. "ಬಿರುಕು ಕಂಡ್ರೆ ಬಿಡಲ್ಲ. ನನ್ನ ಹೆಂಡ್ತಿ, ನಿಮ್ಮನ್ನೂ ಕಪಾಟಲ್ಲಿಡಬೇಕು ಅಂತಾಳೆ. ನೀನು ಆರಾಮಾಗಿರು. ಈ ಪ್ರವಾಸಿಗಳ ಬಸ್ಸು ನಾಲ್ಕು ಇಪ್ಪತ್ತಕ್ಕೆ. ಸಾಕ್ಷಿ ಊರು ಬಿಟ್ಟು ಹೋಯ್ತು ಅನ್ಕೋ!"

ಕೆನ್ಸಾಕು ಹೀರೋ ನಡಿಗೆಯಲ್ಲಿ ಮನೆಗೆ ಬಂದ. ದಾರಿಯಲ್ಲಿ ಹುರುಳಿಯಷ್ಟೂ ಜಾಗ ಬಿಡದಂತೆ ಡಬ್ಬಿಗೆ ಸಿಹಿ ಉಂಡೆ ತುಂಬಿಸಿದ. ಆ ಬೀದಿಯಲ್ಲಿ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದೆಂದರೆ ಬಾಗಿಲಿಗೆ ನಿಂತು ಬೈದಂತೆ.

ನಾಲ್ಕಕ್ಕೆ ಸರಿಯಾಗಿ ತೊಮಿಯೆ ಅಜ್ಜಿ ಬಂದರು. ಅವನು ಸೊಂಟ ಬಗ್ಗಿಸಿ ಡಬ್ಬಿ ಮುಂದಿಟ್ಟ.

"ಇದೇನೋ?"

"ನಿಮ್ಮ ಡಬ್ಬಿ ಅಜ್ಜಿ. ಅನ್ನ ಅಮೃತ ಇದ್ದಂಗಿತ್ತು."

ಅಜ್ಜಿ ಅದನ್ನೆತ್ತಿ ತಳ ನೋಡಿದರು. "ಇದು ನಂದಲ್ಲ."

ಕೆನ್ಸಾಕುವಿನ ಎದೆ ಅಂಚೆ ಠಸ್ಸೆಯ ಥರ ಬಡಿಯತೊಡಗಿತು. "ಅಜ್ಜಿ, ಅದು ಏನಾಯ್ತು ಅಂದ್ರೆ..."

"ಬೆಳಿಗ್ಗೆ ಇಟ್ಟುಹೋಗಿದ್ದೂ ನಂದಲ್ಲ ಕಣೋ ಪೆದ್ದ! ಅದು ನಿಮ್ಮಮ್ಮಂದು."

ಅವನು ಬಾಯಿ ತೆರೆದ. ಅದು ತೆರೆದೇ ಇತ್ತು.

"ನಮ್ಮ ಯಜಮಾನರು ಹಾಸಿಗೆ ಹಿಡಿದಾಗ ಅದರಲ್ಲಿ ಊಟ ಕಳಿಸಿದ್ಲು. ಒಂಬತ್ತು ವರ್ಷ ಆಯ್ತು. ಖಾಲಿ ಹೆಂಗೆ ಕೊಡ್ಲಿ? ಮನೇಲಿ ಒಂದು ಒಳ್ಳೇದಾಗ್ಲಿ, ಕೆಂಪನ್ನ ತುಂಬಿ ಕೊಡೋಣ ಅಂತ ಕಾದೆ. ಇವರು ಹೋದ್ರು. ಆಮೇಲೆ ನಿಮ್ಮಮ್ಮ ಮಲಗಿದ್ಲು. ಒಳ್ಳೇದು ಆಗ್ಲೇ ಇಲ್ಲ ನೋಡು. ಆಸ್ಪತ್ರೆಗೆ ಖಾಲೀನೇ ತಗೊಂಡು ಹೋಗಿ ಕೊಡಬೇಕಿತ್ತು ನಾನು. ತಡ ಮಾಡ್ಬಿಟ್ಟೆ." ಅಜ್ಜಿ ಕಣ್ಣೊರೆಸಿಕೊಂಡರು. "ತಳದಲ್ಲಿ ಗುಬ್ಬಚ್ಚಿ ನೋಡಿದ್ಯಾ? ನೀನು ಹುಟ್ಟಿದಾಗ ಸಕುಜೊ ಹತ್ರ ಹೇಳಿ ಬರೆಸಿದ್ದು. ಅದು ನೀನೇ ಅಂತಿದ್ಲು."

ಗೋಡೆ ಗಡಿಯಾರದಲ್ಲಿ ನಾಲ್ಕು ಹನ್ನೆರಡು. ಬಸ್ ನಿಲ್ದಾಣಕ್ಕೆ ಓಡಿದರೆ ಆರೇ ನಿಮಿಷ. ಕೆನ್ಸಾಕು ಒಂದು ಕಾಲು ಶೂ ಒಳಗೆ ತೂರಿಸಿದ. "ಅಜ್ಜಿ, ಒಂದ್ನಿಮಿಷ, ಈಗ ಬಂದೆ..."

"ಎಲ್ಲಿಗೋ? ಕೂತ್ಕೋ." ಅಜ್ಜಿ ಅವನ ತೋಳು ಹಿಡಿದರು. ಮೂರು ವರ್ಷದ ಹಿಂದೆ ಟೈ ಕಟ್ಟಿದ ಅದೇ ಕೈ. "ನಿಮ್ಮಮ್ಮನ ಮಾತಾಡೋಕೆ ನನಗೂ ಯಾರಿದಾರೆ? ಒಂದು ಲೋಟ ಚಹಾ ಕುಡಿಯೋಣ."

ಕೆನ್ಸಾಕು ಮತ್ತೆ ಕೂತ. ಈ ಸಲ ಹಿಂದೆ ನೋಡಿಕೊಂಡೇ ಕೂತ.

ಚಹಾ ತಣ್ಣಗಾಗುವ ಹೊತ್ತಿಗೆ ಕಿಟಕಿಯಾಚೆ ಬಸ್ಸು ಸೇತುವೆ ದಾಟಿತು. ಹಿಂದಿನ ಸೀಟಿನಲ್ಲೊಂದು ಹಳದಿ ಮಳೆಕೋಟು.

ಅಜ್ಜಿ ಸಿಹಿಯ ಡಬ್ಬಿಯನ್ನು ಮಡಿಲಿಗೆಳೆದುಕೊಂಡು ಏಳಹೊರಟರು. "ಇಷ್ಟು ತುಂಬಿ ಕೊಟ್ಟಿದೀಯ. ಇದನ್ನೂ ನಾನು ಖಾಲಿ ವಾಪಸ್ ಕೊಡಲ್ಲ ಬಿಡು. ಮುಂದಿನ ಒಳ್ಳೇ ಸುದ್ದಿಗೆ ಕಾದಿರು." ಬಾಗಿಲಲ್ಲಿ ನಿಂತು ನಿಟ್ಟುಸಿರಿಟ್ಟರು. ಒಂಬತ್ತು ವರ್ಷದ ಭಾರ ಇಳಿದಂಥ ನಿಟ್ಟುಸಿರು. "ಅಂತೂ ನಿಮ್ಮಮ್ಮನ ಡಬ್ಬಿ ಮನೆಗೆ ಬಂತಲ್ಲ, ಕೆನ್?"

ಕೆನ್ಸಾಕು ಕಣ್ಣೆತ್ತಲಿಲ್ಲ.

"ಬಂತು ಅಜ್ಜಿ," ಅಂದ. "ಬಂತು, ಬಂತು."