ಕಚ್ಚಿದ ನಾಯಿಗೆ ಹತ್ತು ದಿನದ ಹಾಜರಿ

ಸೋಮವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಮನೆ ಓನರ್ ಮಾದಪ್ಪಣ್ಣನಿಗೆ ನಾಯಿ ಕಚ್ಚಿತು. ಸಮಯದ ಬಗ್ಗೆ ನನಗೆ ಅನುಮಾನವೇ ಇಲ್ಲ. ಆಗ ನಾನು ಮಹಡಿಯ ಬಾಲ್ಕನಿಯಲ್ಲಿ ಬಾಯಿಗೆ ಬ್ರಶ್ಶು, ಕೈಗೆ ಮೊಬೈಲು ಕೊಟ್ಟುಕೊಂಡು ನಿಂತಿದ್ದೆ. ಮೊಬೈಲಿನ ಮೂಲೆಯಲ್ಲಿ ಗಂಟೆ ಕಾಣುತ್ತಿತ್ತು. ಉಳಿದ ಸಂಗತಿಗಳ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾರೆ. ಆದರೂ ಹೇಳಿಬಿಟ್ಟೆ. ತೊಂದರೆ ಶುರುವಾದದ್ದು ಅಲ್ಲಿಂದ.

ನನಗಿರುವ ಚಟಗಳು ಮೂರು: ಊಟ, ನಾಯಿ, ಸುದ್ದಿ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ಕೆಲಸದ ನೆಪದಲ್ಲಿ ಎರಡು ವರ್ಷದಿಂದ ಚಾಮರಾಜನಗರದಲ್ಲಿದ್ದೇನೆ. ಮೂರೂ ಚಟಗಳು ನನ್ನ ಜೊತೆಗೇ ಬಸ್ಸಿಳಿದವು. ಬಾಡಿಗೆಗೆ ಸಿಕ್ಕಿದ್ದು ಮಾದಪ್ಪಣ್ಣನವರ ಮಹಡಿ. ಅವರು ಅರಿಶಿನದ ವ್ಯಾಪಾರಿ, ಹಣೆ ತುಂಬ ವಿಭೂತಿ, ಮೊಟ್ಟೆ ಒಡೆದ ಸದ್ದಿಗೂ ಮುಖ ಸಿಂಡರಿಸುವ ಮನೆತನ. ಮನೆ ತೋರಿಸುವಾಗ ಅವರ ಹೆಂಡತಿ ಗೌರಕ್ಕ ಕೇಳಿದ್ದು ಒಂದೇ ಪ್ರಶ್ನೆ: "ನೀನು ತಿಂತೀಯೇನಪ್ಪ?" ಏನನ್ನು ಎಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ಇಲ್ಲ ಅಕ್ಕ" ಅಂದೆ. ಅಂದಿನಿಂದ ಪ್ರತಿ ಭಾನುವಾರ ರಾತ್ರಿ ಬ್ಯಾಗಿನ ತಳದಲ್ಲಿ ಬಿರಿಯಾನಿ ಬರುತ್ತಿತ್ತು. ಬೆಳಿಗ್ಗೆ ಮೂಳೆಗಳು ಬಾಲ್ಕನಿಯಿಂದ ನೇರ ಗೇಟಿನ ಹೊರಗೆ ಬೀಳುತ್ತಿದ್ದವು. ಸಾಕ್ಷ್ಯನಾಶದ ಕೆಲಸವನ್ನು ಬೀದಿಯ ಎರಡು ಕೆಂದು ನಾಯಿಗಳು ವಹಿಸಿಕೊಂಡಿದ್ದವು. ಅಣ್ಣತಮ್ಮಂದಿರಿರಬೇಕು, ಒಂದೇ ಅಚ್ಚು. ನಾನು ಅವಕ್ಕೆ ಹೆಡ್‌ಲೈನ್, ಬ್ರೇಕಿಂಗ್ ಎಂದು ಹೆಸರಿಟ್ಟಿದ್ದೆ. ಬೀದಿಯವರಿಗೆ ಎರಡೂ ಕೆಂಚನೇ.

ಆ ಸೋಮವಾರವೂ ಮೂಳೆ ಎಸೆದು, ಎಲ್ಲೋ ಕಬ್ಬಿನ ಗದ್ದೆಯಲ್ಲಿ ಚಿರತೆ ಕಂಡಿತಂತೆ ಎಂಬ ಸುದ್ದಿ ಓದುತ್ತಿದ್ದೆ. ಮಾದಪ್ಪಣ್ಣ ಗೇಟಿನ ಹೊರಗೆ ಬಿದ್ದಿದ್ದ ಪೇಪರ್ ಎತ್ತಿಕೊಳ್ಳಲು ಬಗ್ಗಿದ್ದಾರೆ. ಪೇಪರ್ ಪಕ್ಕದಲ್ಲೇ ಮೂಳೆ. ಈ ಮನುಷ್ಯ ತನ್ನ ಪಾಲಿಗೆ ಕೈಹಾಕಿದ ಎಂದುಕೊಂಡ ನಾಯಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾಯಿ ಹಾಕಿದೆ. ಜನ್ಮದಲ್ಲಿ ಮೂಳೆ ಮುಟ್ಟದವರು ಮೂಳೆಯ ಜಗಳದಲ್ಲಿ ಕಚ್ಚಿಸಿಕೊಂಡರು. "ಅಯ್ಯಯ್ಯೋ ಮಾದೇವಾ!" ಎಂಬ ಕೂಗು ಕೇಳಿ ನಾನು ಮೊಬೈಲಿನಿಂದ ತಲೆ ಎತ್ತಿದೆ. ಬಿಳಿ ಪಂಚೆಯ ಮೇಲೆ ರಕ್ತ ಹರಡುತ್ತಿತ್ತು. ಆ ಕೂಗು, ಆ ಕೆಂಪು ಇವತ್ತಿಗೂ ಬ್ರಶ್ಶು ಬಾಯಿಗಿಟ್ಟ ಕೂಡಲೇ ನೆನಪಿಗೆ ಬರುತ್ತವೆ. ಕೆಳಗೆ ಓಡಿದೆ, ನಲ್ಲಿಯ ಕೆಳಗೆ ಕಾಲು ಹಿಡಿಸಿ ಸೋಪು ಹಚ್ಚಿ ಕಾಲು ಗಂಟೆ ತೊಳೆದೆ, ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆ. ಸುದ್ದಿ ಓದುವ ಚಟದಿಂದ ಆದ ಒಂದೇ ಒಂದು ಉಪಕಾರ ಇದು.

ಡಾಕ್ಟರು ಮೊದಲ ಇಂಜೆಕ್ಷನ್ ಕೊಟ್ಟು, ಉಳಿದವನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ ಎಂದರು. "ಕಚ್ಚಿದ ನಾಯಿ ಮೇಲೂ ಹತ್ತು ದಿನ ಒಂದು ಕಣ್ಣಿಟ್ಟಿರಿ. ಸತ್ತರೆ, ಕಾಣೆಯಾದರೆ ತಕ್ಷಣ ಬಂದು ಹೇಳಿ. ಯಾವ ನಾಯಿ ಅಂತ ನೋಡಿದವರು ಯಾರು?" ನಾನು ಕ್ಲಾಸಿನಲ್ಲಿ ಎತ್ತುವ ಹಾಗೆ ಕೈ ಎತ್ತಿದೆ. ಮಾದಪ್ಪಣ್ಣನಿಗೆ ಬೆನ್ನ ಹಿಂದಿನದು ಕಂಡಿರಲಿಲ್ಲ. ಮಹಡಿಯ ಮೇಲಿದ್ದವನು ನಾನೊಬ್ಬ. ನೋಡಲಿಲ್ಲ ಎನ್ನಲು ನಾಲಗೆ ಏಳಲಿಲ್ಲ. ಮನೆಗೆ ಬರುವಾಗ ಗೇಟಿನ ಬಳಿ ಹೆಡ್‌ಲೈನ್ ಮಲಗಿತ್ತು. "ಇದೇ" ಎಂದು ಬೆರಳು ತೋರಿಸಿದೆ. ಬ್ರೇಕಿಂಗ್ ಅಂದು ಕಣ್ಣಿಗೆ ಬೀಳಲಿಲ್ಲ, ನನಗೂ ಅದರ ಯೋಚನೆ ಬರಲಿಲ್ಲ.

ಅಂದಿನಿಂದ ಹೆಡ್‌ಲೈನ್‌ಗೆ ಶುಕ್ರದೆಸೆ. ಬೆಳಿಗ್ಗೆ ಗೌರಕ್ಕನಿಂದ ಹಾಲು, ಮಧ್ಯಾಹ್ನ ಮುದ್ದೆ, ಸಂಜೆ ಮೊಸರನ್ನ. ಹುಚ್ಚು ಹಿಡಿದಿದ್ದರೆ ನೀರು ಇಳಿಯದಲ್ಲ, ಅದು ನೀರು ಕುಡಿದರೆ ಇಡೀ ಬೀದಿಗೆ ಸಮಾಧಾನ. ಮಾದಪ್ಪಣ್ಣ ಮಲಗುವ ಮುಂಚೆ ಒಮ್ಮೆ, ಎದ್ದ ಕೂಡಲೇ ಒಮ್ಮೆ ತಾವೂ ಒಂದು ಚೊಂಬು ನೀರು ಎತ್ತಿ ಕುಡಿದು, "ಇಳೀತು ಕಣೆ" ಎಂದು ಹೆಂಡತಿಗೆ ವರದಿ ಕೊಡುತ್ತಿದ್ದರು. ಆಮೇಲೆ ನನಗೆ ಕೂಗು: "ನಾಯಿ ಎದ್ದದೇನಪ್ಪಾ?" ಎದುರುಮನೆಯ ಅಜ್ಜಿ ಬಂದು, ಉಡಿಗಾಲ ಊರಿನ ಕಡೆ ಯಾರೋ ಸೊಪ್ಪಿನ ಔಷಧಿ ಕೊಡುತ್ತಾರೆ, ಸೂಜಿಯೆಲ್ಲ ಯಾಕೆ ಎಂದಿತು. ನಾನು ಅರ್ಧ ಗಂಟೆ ಭಾಷಣ ಮಾಡಿ ಅದನ್ನು ತಪ್ಪಿಸಿದೆ. ಅಜ್ಜಿ ಹೋಗುವಾಗ, "ಓಗ್ಲಿ ಬುಡು, ಪಥ್ಯನಾದ್ರೂ ಮಾಡು. ಹತ್ತು ದಿನ ಕೋಳಿ ಕುರಿ ಮುಟ್ಬೇಡ" ಎಂದಿತು. ಮಾದಪ್ಪಣ್ಣ ಕಾಲು ನೀವಿಕೊಳ್ಳುತ್ತ, "ಉಟ್ಟಿದಾಗಿಂದ ಪಥ್ಯದಲ್ಲೇ ಅವ್ನಿ ಕಣವ್ವ" ಎಂದರು.

ಬುಧವಾರದವರೆಗೆ ಎಲ್ಲ ಸರಿಯಾಗಿತ್ತು. ಅಷ್ಟರಲ್ಲಿ ಆಫೀಸು, ಟೀ ಅಂಗಡಿ, ಸಲೂನು ಎಲ್ಲ ಸೇರಿ ಇಪ್ಪತ್ತು ಸಲವಾದರೂ ಘಟನೆಯನ್ನು ವಿವರಿಸಿದ್ದೆ. ಪ್ರತಿ ಸಲವೂ ಅದು ಇನ್ನಷ್ಟು ಸ್ಪಷ್ಟವಾಗುತ್ತಿತ್ತು. ಬುಧವಾರ ಸಂಜೆ ಟೀ ಅಂಗಡಿಯಲ್ಲಿ, "ಬಾಲ ಸುರುಳಿ ಸುತ್ತಿಕೊಂಡು ಹಾರಿತು ನೋಡಿ" ಎಂದವನು ಅಲ್ಲೇ ನಿಂತೆ. ಹೆಡ್‌ಲೈನ್‌ನ ಬಾಲ ಸುರುಳಿಯಲ್ಲ, ಪೊರಕೆ ಕಡ್ಡಿಯ ಹಾಗೆ ನೆಟ್ಟಗೆ. ಸುರುಳಿ ಬಾಲ ಬ್ರೇಕಿಂಗ್‌ದು. ಬ್ರೇಕಿಂಗ್ ಎಲ್ಲಿ? ಕೈಯಲ್ಲಿದ್ದ ಟೀ ತಣ್ಣಗಾಯಿತು. ಹಾಗಾದರೆ ಮೂರು ದಿನದಿಂದ ಎಲ್ಲರೂ ಹಾಲು ಹಾಕಿ ಕಾಯುತ್ತಿರುವುದು ನಿರಪರಾಧಿಯನ್ನು. ಕಚ್ಚಿದ್ದು ಎಲ್ಲೋ ಮೋರಿಯಲ್ಲಿ ಸತ್ತು ಬಿದ್ದಿದ್ದರೆ? ಇಂಜೆಕ್ಷನ್ ನಡೆಯುತ್ತಿದೆ ಎಂದು ಬುದ್ಧಿ ಹೇಳುತ್ತಿತ್ತು. ಕಣ್ಣು ಮುಚ್ಚಿದರೆ ಸುರುಳಿ ಬಾಲ. ಮೂರು ರಾತ್ರಿ ನಿದ್ದೆಯಿಲ್ಲ. ಕೆಳಗೆ ಮಾದಪ್ಪಣ್ಣ ಕೆಮ್ಮಿದರೂ ನಾನು ಎದ್ದು ಕೂರುತ್ತಿದ್ದೆ.

ಶನಿವಾರ ಸಂಜೆ ಹೋಗಿ ಒಪ್ಪಿಕೊಂಡೆ. "ಅಣ್ಣ, ನಾನು ಸರಿಯಾಗಿ ನೋಡಿರಲಿಲ್ಲ. ಮೊಬೈಲ್ ನೋಡ್ತಿದ್ದೆ."

ಮಾದಪ್ಪಣ್ಣ ಕನ್ನಡಕ ತೆಗೆದರು. "ಏನ್ ನೋಡ್ತಿದ್ದೆ?"

"ಚಿರತೆ ಸುದ್ದಿ."

"ಸದ್ಯ, ಚಿರತೆ ಕಚ್ತು ಅಂತ ಡಾಕ್ಟರ್ಗೆ ಏಳ್ನಿಲ್ವಲ್ಲ."

ಒಳಗಿನಿಂದ ಬಂದ ಗೌರಕ್ಕ, "ನಗಾಡ್ತೀರಲ್ಲ, ಇನ್ನೊಂದು ಕೆಂಚ ಸತ್ತೋಗಿದ್ರೆ ಏನ್ಗತಿ?" ಎಂದು ಸೆರಗು ಬಾಯಿಗಿಟ್ಟರು. ಆಗ ಮಾದಪ್ಪಣ್ಣನ ಮುಖವೂ ಇಳಿಯಿತು. ಟೀ ಅಂಗಡಿಯವನನ್ನು ವಿಚಾರಿಸಿದರೆ, "ಸುರುಳಿ ಬಾಲದ್ದಾ? ಟೊಮೇಟೊ ಗಾಡಿ ಅತ್ಕೊಂಡು ಗುಂಡ್ಲುಪೇಟೆಗೆ ಓಯ್ತಲ್ಲ. ಬೈಪಾಸ್‌ತಾವ ಮಲಯಾಳಿ ಓಟ್ಲಲ್ಲಿ ಇಳ್ಕತಂತೆ" ಎಂದ. ಯಾವಾಗ ಎಂದರೆ, "ಅದೇ, ಮೊನ್ನೆ ಮೊನ್ನೆ" ಎಂದ. ಅವನ ಮೊನ್ನೆಗೆ ಮೂರು ದಿನದಿಂದ ಮೂರು ತಿಂಗಳವರೆಗೆ ಅರ್ಥವಿದೆ. "ನಡಿ, ಓಗನ" ಎಂದರು ಮಾದಪ್ಪಣ್ಣ.

ಭಾನುವಾರ ಬೆಳಿಗ್ಗೆ ತೆರಕಣಾಂಬಿ ದಾಟಿ ಗುಂಡ್ಲುಪೇಟೆ ಸೇರುವವರೆಗೆ ಮಾದಪ್ಪಣ್ಣ ಬೈಕಿನ ಹಿಂದೆ ಕೂತಿದ್ದರು. ನನ್ನ ಭುಜದ ಮೇಲಿದ್ದ ಅವರ ಕೈ ಪ್ರತಿ ಹಂಪಿನಲ್ಲೂ ಬಿಗಿಯಾಗುತ್ತಿತ್ತು. ಹೋಟೆಲಿನ ಎದುರು ಬೈಕ್ ನಿಲ್ಲಿಸಿದರೆ, ಬೀಫ್ ಫ್ರೈ ಎಂಬ ಬೋರ್ಡು ನೋಡಿ ಅವರು ರಸ್ತೆಯ ಈಚೆಗೇ ನಿಂತರು. "ನೀನೋಗಿ ನೋಡ್ಕೊಂಡ್ ಬಾ. ಉಸಿರಾಡ್ತಾ ಇದ್ರೆ ಕೈ ಎತ್ತು."

ಕೈ ಎತ್ತುವ ಅಗತ್ಯ ಬೀಳಲಿಲ್ಲ. ಹಿತ್ತಲಿನಿಂದ ಪರೋಟ ಕಚ್ಚಿಕೊಂಡೇ ಓಡಿಬಂದ ಬ್ರೇಕಿಂಗ್ ನನ್ನ ಎದೆಯ ಮೇಲೆ ಎರಡೂ ಕಾಲಿಟ್ಟು ಮುಖವೆಲ್ಲ ನೆಕ್ಕಿತು. ಹೋಟೆಲಿನ ಮಾಲೀಕ ಚೇಟ ಕೌಂಟರಿನಿಂದಲೇ, "ನಿಮ್ದು ನಾಯಿಯಾ? ಎರಡು ವಾರ ಆಯ್ತು ಬಂದು. ದಿವಸಾ ಆರು ಪರೋಟ ತಿನ್ನುತ್ತೆ" ಎಂದರು.

"ಎರಡು ವಾರಾನಾ? ಸರಿಯಾಗಿ ನೆನಪಿದೆಯಾ?"

"ಮಗಳ ಹುಟ್ಟುಹಬ್ಬದ ದಿವಸ ಬಂತು. ಬಿರಿಯಾನಿ ನಾನೇ ಇಟ್ಟೆ."

ಮಾದಪ್ಪಣ್ಣನನ್ನು ನಾಯಿ ಕಚ್ಚಿ ಆರು ದಿನ. ಅಂದರೆ ಬ್ರೇಕಿಂಗ್ ಆ ಸೋಮವಾರ ನಮ್ಮ ಬೀದಿಯಲ್ಲೇ ಇರಲಿಲ್ಲ. ನಾನು ಮೂರು ರಾತ್ರಿ ಕಣ್ಣಾರೆ ಕಂಡ ಸುರುಳಿ ಬಾಲ ನನ್ನದೇ ತಯಾರಿಕೆ. ಆ ಮೂಳೆಗೆ ಇವೆರಡು ಬಿಟ್ಟರೆ ಬೇರೆ ನಾಯಿ ಬರುತ್ತಿರಲಿಲ್ಲ. ಕಚ್ಚಿದ್ದು ಹೆಡ್‌ಲೈನೇ. ನೋಡದೆ ತೋರಿಸಿದ ಬೆರಳು ಸರಿಯಾಗಿತ್ತು, ನೆನಪು ಮಾಡಿಕೊಂಡು ಹೇಳಿದ್ದು ಸುಳ್ಳಾಗಿತ್ತು.

ರಸ್ತೆ ದಾಟಿ ಬಂದು ಹೇಳಿದಾಗ ಮಾದಪ್ಪಣ್ಣ ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ವಿಭೂತಿ ಕರಗುವಷ್ಟು ಬೆವರು ಒರೆಸಿಕೊಂಡರು. ನನ್ನ ಹಿಂದೆಯೇ ಬಂದು ಬಾಲ ಆಡಿಸುತ್ತಿದ್ದ ನಾಯಿಯನ್ನು ನೋಡಿ, "ಮೂಳೆ ಆಕ್ದೋನ್ನ ಮರೆಯಾಕಿಲ್ಲ ಕಣಪ್ಪ ಇವು" ಎಂದರು.

"ಅಣ್ಣ, ನಿಮಗೆ ಗೊತ್ತಿತ್ತಾ?"

"ಎರಡ್ ವರ್ಸದಿಂದ ಭಾನುವಾರ ಭಾನುವಾರ ವಾಸನೆ ಬತ್ತದೆ. ನಾಯಿ ಕಚ್ಚಿದ್ದು ಕಾಲ್ಗೆ, ಮೂಗ್ಗಲ್ಲ."

"ಅಕ್ಕನಿಗೆ?"

"ಅವ್ಳ್ಗೆ ನನಗಿಂತ ಮೊದ್ಲೇ ಗೊತ್ತು. ನಾವು ಕೇಳುದ್ರೆ ನೀನು ಸುಳ್ಳು ಏಳ್ಬೇಕಾಯ್ತದಲ್ಲ, ಅದ್ಕೇ ಕೇಳ್ನಿಲ್ಲ. ಇನ್ಮೇಲೆ ಗೇಟ್‌ತಾವ ಮಾತ್ರ ಎಸೀಬ್ಯಾಡ ಕಣಪ್ಪ." ಅಷ್ಟು ಹೇಳಿ ಎದ್ದು, ಕುಂಟುತ್ತ ಹೋಗಿ ಬೈಕ್ ಹತ್ತಿರ ನಿಂತರು. ಗದರಿದ್ದರೆ ವಾಪಸು ದಾರಿ ಇಷ್ಟು ಉದ್ದವಾಗುತ್ತಿರಲಿಲ್ಲ.

ಉಳಿದ ದಿನಗಳಲ್ಲಿ ಹೆಡ್‌ಲೈನ್ ಮುದ್ದೆ ತಿಂದು ಮುದ್ದೆಯ ಆಕಾರಕ್ಕೇ ಬಂತು. ಗುರುವಾರಕ್ಕೆ ಹತ್ತು ದಿನ ತುಂಬಿತು. ಸಂಜೆ ಅದು ಚರಂಡಿ ಹಾರಿ ಬೆಕ್ಕನ್ನು ಅಟ್ಟಿಸಿಕೊಂಡು ಹೋದದ್ದನ್ನು ಇಡೀ ಬೀದಿ ಜಗಲಿಯಲ್ಲಿ ಕೂತು ನೋಡಿತು. ಇನ್ನೂ ಎರಡು ಇಂಜೆಕ್ಷನ್ ಇವೆ ಎಂದು ನಾನು ನೆನಪಿಸಿದೆ. "ತಕ್ಕೊತೀನಿ ಬುಡಪ್ಪ" ಎಂದ ಮಾದಪ್ಪಣ್ಣ ನೀರಿನ ಚೊಂಬು ಮುಟ್ಟದೆ ಮಲಗಲು ಹೋದರು. ಆ ರಾತ್ರಿ ಕೆಳಗೆ ಅವರಿಬ್ಬರು, ಮೇಲೆ ನಾನು, ಹತ್ತು ದಿನದಲ್ಲಿ ಮೊದಲ ಸಲ ಬೆಳಗಿನವರೆಗೆ ನಿದ್ದೆ ಮಾಡಿದೆವು.

ಶುಕ್ರವಾರ ಬೆಳಿಗ್ಗೆ ಗೌರಕ್ಕನ ಕೂಗಿಗೇ ಎಚ್ಚರವಾಯಿತು. ಅವರ ಹೊಸ ಚಪ್ಪಲಿಯಲ್ಲಿ ಒಂದು ನಾಪತ್ತೆ. "ಯಾವ ನಾಯಿ ಒತ್ಕೊಂಡೋಯ್ತು, ನೋಡ್ದೇನಪ್ಪಾ?"

ಬಾಲ್ಕನಿಗೆ ಬಂದು ನಿಂತೆ. ಕೆಂದು ಬಣ್ಣ, ಅರ್ಧ ಮಡಚಿದ ಕಿವಿ, ಹಲ್ಲಿನ ನಡುವೆ ಚಪ್ಪಲಿಯ ಪಟ್ಟಿ, ಎಲ್ಲ ಆಗಲೇ ಕಣ್ಣ ಮುಂದೆ ಬಂದು ಸಾಲಾಗಿ ನಿಂತಿದ್ದವು. ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

"ಇಲ್ಲ ಅಕ್ಕ," ಎಂದೆ, "ಮಲಗಿದ್ದೆ."